ಸ್ನಾನದ ಸೋಪಿನಿಂದ ಕ್ಷೌರದ ಬಟ್ಟಲು: ಹಾಸನದ ಬೋರ್ ನೀರಿನಲ್ಲಿ ನಡೆಸಿದ ಪ್ರಯೋಗ

ಸ್ನಾನದ ಸೋಪನ್ನೇ ಕೆನ್ನೆಗೆ ತಿಕ್ಕಿ ಗಡ್ಡ ಹೆರೆದುಕೊಳ್ಳುವವರು ನಮ್ಮ ಹಾಸನದ ಕಡೆ ಇಂದಿಗೂ ಕಡಿಮೆಯಿಲ್ಲ. ಅವರಲ್ಲಿ ಹೆಚ್ಚಿನವರು ಹೇಳುವ ದೂರು ಒಂದೇ: ಒಂದು ಕೆನ್ನೆ ಮುಗಿಸುವಷ್ಟರಲ್ಲಿ ಇನ್ನೊಂದು ಕೆನ್ನೆಯ ನೊರೆ ಒಣಗಿರುತ್ತದೆ, ರೇಜರ್ ಜಾರುವ ಬದಲು ಎಳೆಯುತ್ತದೆ, ಕುತ್ತಿಗೆಯಲ್ಲಿ ಉರಿ ಉಳಿಯುತ್ತದೆ. ಫೋಮ್ ಡಬ್ಬಿಗೆ ಬದಲಾದವರು ಈ ತೊಂದರೆ ತಪ್ಪಿತು ಎನ್ನುತ್ತಾರೆ, ಆದರೆ ಗಡ್ಡ ಮೊದಲಿನಷ್ಟು ನುಣ್ಣಗಾಗುವುದಿಲ್ಲ ಎಂದೂ ಸೇರಿಸುತ್ತಾರೆ. ದೋಷವಿರುವುದು ಸೋಪಿನಲ್ಲೋ, ನೀರಿನಲ್ಲೋ, ಬಳಸುವ ಕ್ರಮದಲ್ಲೋ ಎಂಬುದನ್ನು ಬೇರ್ಪಡಿಸಿ ನೋಡಬೇಕು, ಸೋಪಿನಲ್ಲೇ ಇದ್ದರೆ ಅದನ್ನು ಅಡುಗೆಮನೆಯ ಸಾಧನಗಳಿಂದ ಎಷ್ಟರಮಟ್ಟಿಗೆ ಸರಿಪಡಿಸಬಹುದು ಎಂಬುದನ್ನು ತಿಳಿಯಬೇಕು ಎಂದು ಈ ಕೆಲಸವನ್ನು ಕೈಗೆತ್ತಿಕೊಂಡೆ. ಅದರ ಫಲವಾಗಿ ಈಗ ನನ್ನ ಬಚ್ಚಲಿನ ಗೂಡಿನಲ್ಲಿ ಒಂದು ಸ್ಟೀಲ್ ಬಟ್ಟಲಿನ ತುಂಬ ಕ್ಷೌರದ ಸೋಪು ಇದೆ.

ಮೊದಲು ಎರಡರ ಲೇಬಲ್ಲುಗಳನ್ನೂ ಓದಿದೆ. ಸ್ನಾನದ ಸೋಪಿನ ಹೊದಿಕೆಯ ಮೇಲೆ ಸೋಡಿಯಂ ಪಾಮೇಟ್, ಸೋಡಿಯಂ ಪಾಮ್ ಕರ್ನಲೇಟ್ ಎಂಬ ಹೆಸರುಗಳು ಮೊದಲಿಗೆ ಬರುತ್ತವೆ. ಮೊದಲನೆಯದು ತಾಳೆ ಹಣ್ಣಿನ ತಿರುಳಿನ ಎಣ್ಣೆಯಿಂದ, ಎರಡನೆಯದು ಅದರ ಬೀಜದ ಎಣ್ಣೆಯಿಂದ ಮಾಡಿದ ಸಾಬೂನು. ಬೀಜದ ಎಣ್ಣೆಯಲ್ಲಿ ತೆಂಗಿನೆಣ್ಣೆಯಲ್ಲಿರುವಂತೆ ಲಾರಿಕ್ ಆಮ್ಲ ಹೆಚ್ಚಿರುವುದರಿಂದ ಅದು ಬೇಗನೆ ದೊಡ್ಡ ಗುಳ್ಳೆಗಳ ನೊರೆ ಕೊಡುತ್ತದೆ, ಅಷ್ಟೇ ಬೇಗ ಆ ನೊರೆ ಕುಸಿಯುತ್ತದೆ. ಸ್ನಾನಕ್ಕೆ ಇದು ಗುಣ, ಕ್ಷೌರಕ್ಕೆ ಇದು ಕೊರತೆ. ಕ್ಷೌರದ ಸೋಪು ಮತ್ತು ಕ್ರೀಮುಗಳಲ್ಲಿ ಸ್ಟಿಯರಿಕ್ ಎಂಬ ಇನ್ನೊಂದು ಕೊಬ್ಬಿನ ಆಮ್ಲದ ಪಾಲು ದೊಡ್ಡದು, ಜೊತೆಗೆ ಸೋಡಿಯಂ ಬದಲು ಪೊಟ್ಯಾಸಿಯಂ ಲವಣಗಳು ಹೆಚ್ಚಿರುತ್ತವೆ. ಇವು ನೀರಿನಲ್ಲಿ ಸುಲಭವಾಗಿ ಕರಗಿ, ಸಣ್ಣ ಗುಳ್ಳೆಗಳ, ಹೊತ್ತು ನಿಲ್ಲುವ ದಟ್ಟ ನೊರೆಯನ್ನು ಕೊಡುತ್ತವೆ. ಫೋಮ್ ಡಬ್ಬಿಯ ಲೇಬಲ್ಲಿನಲ್ಲಿ ಮೊದಲ ಹೆಸರು ನೀರು, ಅದರ ನಂತರ ಸ್ಟಿಯರಿಕ್ ಆಮ್ಲ ಮತ್ತು ಟ್ರೈಎಥನಾಲಮೈನ್ ಎಂಬ ಕ್ಷಾರೀಯ ವಸ್ತು. ಇವೆರಡೂ ಸೇರಿದಾಗ ಆಗುವುದೂ ಒಂದು ಸಾಬೂನೇ. ಅದನ್ನು ನೊರೆಯಾಗಿಸುವ ಕೆಲಸವನ್ನು ಬ್ರಷ್ಷಿನ ಬದಲು ಒತ್ತಡದಲ್ಲಿ ದ್ರವವಾಗಿರುವ ಬ್ಯೂಟೇನ್, ಪ್ರೋಪೇನ್‌ನಂಥ ಅನಿಲ ಮಾಡುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಮುಂಚಿನ ಡಬ್ಬಿಗಳಲ್ಲಿ ಈ ಜಾಗದಲ್ಲಿ ಓಝೋನ್ ಪದರಕ್ಕೆ ಕುತ್ತಾಗಿದ್ದ ಸಿಎಫ್‌ಸಿ ಅನಿಲಗಳನ್ನು ವ್ಯಾಪಕವಾಗಿ ಬಳಸುತ್ತಿದ್ದರು.

ಈ ಓದಿನಿಂದ ಕಂಡ ಒಂದು ಸಂಗತಿ ಮುಂದಿನ ಎಲ್ಲ ಕೆಲಸಕ್ಕೂ ದಾರಿಯಾಯಿತು. ಡಬ್ಬಿ ತನ್ನ ನೀರನ್ನು ತಾನೇ ತಂದಿರುತ್ತದೆ, ಅದೂ ಕಾರ್ಖಾನೆಯಲ್ಲಿ ಶುದ್ಧೀಕರಿಸಿದ ಮೆದು ನೀರನ್ನು. ಸ್ನಾನದ ಸೋಪಾದರೋ ನಮ್ಮ ನಲ್ಲಿಯಲ್ಲಿ ಏನು ಬರುತ್ತದೋ ಅದರಲ್ಲೇ ನೊರೆಯಾಗಬೇಕು. ಆದುದರಿಂದ ಎರಡನ್ನೂ ಹೋಲಿಸುವ ಮೊದಲು ನೀರನ್ನು ನೋಡಲೇಬೇಕಾಯಿತು.

ನೀರಿನ ಪರೀಕ್ಷೆ

ಹಾಸನ ನಗರಕ್ಕೆ ಕುಡಿಯುವ ನೀರು ಬರುವುದು ಹೇಮಾವತಿಯಿಂದ. ನಮ್ಮ ಬಡಾವಣೆಯಲ್ಲಿ ಆ ನೀರು ಬಿಡುವುದು ಕೆಲವು ದಿನಗಳಿಗೊಮ್ಮೆ, ಅದನ್ನು ಕುಡಿಯಲು ಮತ್ತು ಅಡುಗೆಗೆ ಹಿಡಿದಿಟ್ಟುಕೊಂಡು ಬಚ್ಚಲಿಗೆ ಬೋರ್ ನೀರನ್ನೇ ಬಳಸುತ್ತೇವೆ. ಹಂಡೆಯ ಒಳಮೈಗೆ ಕಟ್ಟುವ ಬಿಳಿ ಪೊರೆಯೇ ಆ ನೀರಿನ ಗುಣವನ್ನು ಹೇಳುತ್ತದೆ. ಆದರೂ ಲೆಕ್ಕಕ್ಕೆ ಒಂದು ಸಂಖ್ಯೆ ಬೇಕಿತ್ತು. ಮನೆಗೆ ಬರುವ ಫಿಲ್ಟರ್ ರಿಪೇರಿಯವರ ಟಿಡಿಎಸ್ ಮೀಟರ್ ಇದಕ್ಕೆ ಆಗದು, ಏಕೆಂದರೆ ಅದು ಕರಗಿದ ಎಲ್ಲ ಲವಣಗಳನ್ನೂ ಒಟ್ಟಿಗೆ ಅಂದಾಜಿಸುತ್ತದೆ, ಸೋಪಿಗೆ ಅಡ್ಡಿಯಾಗುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಮಾತ್ರ. ಮೀನಿನ ತೊಟ್ಟಿ ಇಟ್ಟವರು ಬಳಸುವ ಗಡಸುತನದ ಪಟ್ಟಿಯನ್ನು ತಂದು ಅದ್ದಿ ನೋಡಿದಾಗ ಬೋರ್ ನೀರಿನ ಗಡಸುತನ, ಅಂದರೆ ಈ ಎರಡರ ಒಟ್ಟು ಪ್ರಮಾಣ, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಲೀಟರಿಗೆ ಸುಮಾರು 300 ಮಿಲಿಗ್ರಾಂ ಎಂದು ತೋರಿಸಿತು. ಕುಡಿಯುವ ನೀರಿನ ಭಾರತೀಯ ಮಾನಕ ಒಪ್ಪುವ ಮಟ್ಟ 200, ಬೇರೆ ನೀರಿನ ಮೂಲ ಇಲ್ಲದಿದ್ದಲ್ಲಿ ಸಹಿಸಬಹುದಾದ ಗರಿಷ್ಠ ಮಟ್ಟ 600. ಅಂದರೆ ನಮ್ಮದು ಗಡಸುತನದ ಮಟ್ಟಿಗೆ ಗರಿಷ್ಠ ಮಿತಿಯೊಳಗಿರುವ, ಆದರೆ ಸೋಪಿಗೆ ಒಗ್ಗದ ನೀರು.

ಪಟ್ಟಿ ಸಿಗದವರು ಒಂದು ಬಾಟಲಿಯಿಂದಲೇ ಇದನ್ನು ತಿಳಿಯಬಹುದು. ಒಂದೇ ಅಳತೆಯ ಎರಡು ಬಾಟಲಿಗಳಲ್ಲಿ, ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಮಳೆನೀರು ಹಾಕಿ, ಎರಡಕ್ಕೂ ಸಮವಾಗಿ ತೂಗಿದ ಸೋಪಿನ ತುರಿ ಸೇರಿಸಿ ಜೋರಾಗಿ ಕುಲುಕಿದೆ. ಮಳೆನೀರಿನ ಬಾಟಲಿಯಲ್ಲಿ ನೊರೆ ಕತ್ತಿನವರೆಗೆ ಏರಿ ಅಲ್ಲೇ ನಿಂತಿತು. ಬೋರ್ ನೀರಿನದರಲ್ಲಿ ತೆಳುವಾದ ನೊರೆಯ ಕೆಳಗೆ ನೀರು ಹಾಲಿನಂತೆ ಮಸುಕಾಗಿ, ಮೇಲೆ ಬೂದು ಬಣ್ಣದ ಚೂರುಗಳು ತೇಲಿದವು. ಕ್ಯಾಲ್ಸಿಯಂ ಜೊತೆ ಸೇರಿ ಕರಗದೆ ಹೊರಬಿದ್ದ ಸಾಬೂನು ಇದೇ; ಬಕೆಟ್ಟಿನ ಅಂಚಿಗೆ ಅಂಟುವ ಜಿಡ್ಡೂ ಇದೇ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿದ್ದು ಉಪಯೋಗಕ್ಕೆ ಬಂತು. ಒಂದು ಕ್ಯಾಲ್ಸಿಯಂ ಅಯಾನು ಎರಡು ಸಾಬೂನು ಅಣುಗಳನ್ನು ಹಿಡಿದುಕೊಳ್ಳುತ್ತದೆ. 300ರ ಗಡಸುತನದ 10 ಮಿಲಿಲೀಟರ್ ನೀರು, ಅಂದರೆ ಒಂದು ಕ್ಷೌರದ ನೊರೆಗೆ ಬೇಕಾದಷ್ಟು ನೀರು, ಕೆಡಿಸಬಲ್ಲದ್ದು ಹೆಚ್ಚೆಂದರೆ 18 ಮಿಲಿಗ್ರಾಂ ಸೋಪನ್ನು. ಬ್ರಷ್ಷಿನಲ್ಲಿ ಒಂದು ಗ್ರಾಂ ಸೋಪು ಹತ್ತಿದ್ದರೆ ಇದು ನಗಣ್ಯ. ಆದರೆ ಬಾರನ್ನು ಒದ್ದೆ ಕೆನ್ನೆಗೆ ತಿಕ್ಕಿದಾಗ ಮುಖಕ್ಕೆ ಹತ್ತುವ ಸೋಪು ಎಷ್ಟು? ಸೋಪನ್ನು ಮೊದಲೊಮ್ಮೆ ತೂಗಿ, ಬಳಸಿ, ಪೂರ್ತಿ ಒಣಗಿದ ಮೇಲೆ ಮತ್ತೆ ತೂಗಿದಾಗ ಅದು ಕಾಲು ಗ್ರಾಮಿಗಿಂತ ಕಡಿಮೆ ಇತ್ತು, ಅದರಲ್ಲೂ ಒಂದು ಭಾಗ ಕೈಯಲ್ಲೇ ಉಳಿದಿರುತ್ತದೆ. ಇಷ್ಟು ತೆಳುವಾದ ಪದರದಲ್ಲಿ ಕಳೆದುಹೋಗುವ ಪಾಲು ಹೆಚ್ಚುತ್ತದೆ, ಅದಕ್ಕಿಂತ ಮುಖ್ಯವಾಗಿ ಕರಗದ ಕ್ಯಾಲ್ಸಿಯಂ ಸಾಬೂನಿನ ಕಣಗಳು ಉಳಿದ ಗುಳ್ಳೆಗಳನ್ನೂ ಒಡೆಯುತ್ತವೆ. ನೊರೆ ಏಳದಂತೆ ತಡೆಯಲು ಉದ್ಯಮದಲ್ಲಿ ಇಂಥ ಕಣಗಳನ್ನು ಬೇಕೆಂದೇ ಬಳಸುವುದುಂಟು. ಹೀಗಾಗಿ ಗಡಸು ನೀರಿನ ತೊಂದರೆಯಲ್ಲಿ ಅರ್ಧದಷ್ಟು ನಿಜವಾಗಿ ಸೋಪು ಸಾಲದ ತೊಂದರೆ ಎಂದು ನನಗೆ ಮನವರಿಕೆಯಾಯಿತು.

ಇದನ್ನೇ ನಮ್ಮ ರಸ್ತೆಯ ಕ್ಷೌರದಂಗಡಿಯ ಹಿರಿಯರು ಯಾವ ಲೆಕ್ಕವೂ ಇಲ್ಲದೆ ಹೇಳಿದರು. ಸೋಪು ಯಾಕೆ ಒಣಗುತ್ತದೆ ಎಂದು ಕೇಳಿದಾಗ, "ನೀವು ನೀರು ಮೊದ್ಲು ಹಾಕ್ತೀರಾ ಸಾರ್. ಬ್ರಷ್ಷಿಗೆ ಸೋಪು ಚೆನ್ನಾಗಿ ಹತ್ತಿಸ್ಕೊಳ್ಳಿ, ಆಮೇಲೆ ಮುಖದ ಮೇಲೇನೇ ತೊಟ್ಟು ತೊಟ್ಟು ನೀರು ಕೊಡಿ" ಎಂದರು. ಅವರು ಬಳಸುವುದು ಟ್ಯೂಬಿನ ಕ್ರೀಮು, ಆದರೂ ಕ್ರಮ ಅದೇ.

ಬಟ್ಟಲು ತಯಾರಿಸಿದ ವಿಧಾನ

ಬಾರನ್ನು ಹಾಗೆಯೇ ಬಟ್ಟಲಿನಲ್ಲಿಟ್ಟು ಬ್ರಷ್ ತಿರುಗಿಸಬಹುದಲ್ಲ ಎಂದರೆ, ತಿರುಗಿಸಬಹುದು. ಮೊದಲು ಅದನ್ನೇ ಮಾಡಿದೆ. ಯಂತ್ರದಲ್ಲಿ ಒತ್ತಿ ಅಚ್ಚು ಹಾಕಿದ ಸೋಪು ಗಟ್ಟಿಯಾಗಿರುವುದರಿಂದ ಬ್ರಷ್ಷಿಗೆ ನಿಧಾನವಾಗಿ ಹತ್ತುತ್ತದೆ, ಬಾರು ಬಟ್ಟಲಿನಲ್ಲಿ ಜಾರಾಡುತ್ತದೆ. ಅದನ್ನು ಮೆದುವಾಗಿಸಿ, ಬಟ್ಟಲಿಗೇ ಕಚ್ಚಿಕೊಳ್ಳುವಂತೆ ಮಾಡಿ, ಒಣಗುವುದನ್ನು ತಡೆಯುವ ಗ್ಲಿಸರಿನ್ ಸೇರಿಸುವುದು ನನ್ನ ಯೋಜನೆಯಾಗಿತ್ತು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ತಂದು ಸ್ಟಿಯರಿಕ್ ಆಮ್ಲದೊಂದಿಗೆ ಮೊದಲಿನಿಂದಲೇ ಕ್ಷೌರದ ಸೋಪು ಮಾಡುವ ವಿಧಾನವೂ ಇದೆ, ಆದರೆ ಆ ಕ್ಷಾರ ಕಣ್ಣು, ಚರ್ಮಗಳನ್ನು ಸುಡುವಂಥದ್ದು, ಮತ್ತು ನಾನು ಪರೀಕ್ಷಿಸಬೇಕೆಂದಿದ್ದದ್ದು ಎಲ್ಲರ ಮನೆಯಲ್ಲಿರುವ ಸ್ನಾನದ ಸೋಪನ್ನು.

ಸೋಪಿನ ಆಯ್ಕೆಯಲ್ಲಿ ನೋಡಬೇಕಾದದ್ದು ಹೊದಿಕೆಯ ಮೇಲಿನ ಟಿಎಫ್‌ಎಂ ಸಂಖ್ಯೆ, ಅಂದರೆ ಸೋಪಿನಲ್ಲಿರುವ ಒಟ್ಟು ಕೊಬ್ಬಿನ ಅಂಶದ ಪ್ರಮಾಣ. ಭಾರತೀಯ ಮಾನಕದ ಪ್ರಕಾರ ಮೊದಲ ದರ್ಜೆಯ ಟಾಯ್ಲೆಟ್ ಸೋಪಿನಲ್ಲಿ ಇದು ಕನಿಷ್ಠ ಶೇ 76, ಎರಡನೆಯ ದರ್ಜೆಯಲ್ಲಿ 70, ಮೂರನೆಯದರಲ್ಲಿ 60. 'ಬೇದಿಂಗ್ ಬಾರ್' ಎಂದು ಮುದ್ರಿಸಿದ್ದರೆ ಅದು ಬೇರೆಯೇ ವರ್ಗ, ಅದಕ್ಕೆ 40 ಇದ್ದರೂ ಸಾಕು. ಕಡಿಮೆ ದರ್ಜೆಯವುಗಳಲ್ಲಿ ಟಾಲ್ಕ್‌ನಂಥ ತುಂಬುಪುಡಿಗಳು ಇರುವುದರಿಂದ ಈ ಕೆಲಸಕ್ಕೆ ಮೊದಲ ದರ್ಜೆಯದೇ ಬೇಕು, ಪರಿಮಳ ಕಡಿಮೆಯಿದ್ದಷ್ಟೂ ಹೆರೆದ ಚರ್ಮಕ್ಕೆ ಒಳ್ಳೆಯದು. ಮನೆಯಲ್ಲಿ ಮೈಸೂರು ಸ್ಯಾಂಡಲ್ ಸೋಪು ಇತ್ತು, ಮೊದಲ ದರ್ಜೆಯದೇ. ಆದರೆ ಶ್ರೀಗಂಧದ ಎಣ್ಣೆಯ ಸೋಪನ್ನು ಕ್ಯಾರೆಟ್ಟಿನ ಹಾಗೆ ತುರಿಯುವುದಕ್ಕೆ ಅಮ್ಮ ಒಪ್ಪಲಿಲ್ಲ. ಬೇರೆ ಸಾದಾ ಬಿಳಿ ಸೋಪನ್ನು ತಂದೆ.

100 ಗ್ರಾಂ ಸೋಪನ್ನು ಹಳೆಯ ತುರಿಮಣೆಯಲ್ಲಿ ಸಣ್ಣಗೆ ತುರಿದು, ಸ್ಟೀಲ್ ಪಾತ್ರೆಗೆ ಹಾಕಿ, 40 ಮಿಲಿಲೀಟರ್ ಮಳೆನೀರನ್ನು ಚಿಮುಕಿಸಿ ಮುಚ್ಚಿ ರಾತ್ರಿಯಿಡೀ ನೆನೆಯಲು ಬಿಟ್ಟೆ. ಮಾರನೆಯ ಬೆಳಿಗ್ಗೆ ಆ ಪಾತ್ರೆಯನ್ನು ಕುದಿಯುವ ನೀರಿರುವ ಇನ್ನೊಂದು ದೊಡ್ಡ ಪಾತ್ರೆಯೊಳಗಿಟ್ಟು, ಸಣ್ಣ ಉರಿಯಲ್ಲಿ, ಮರದ ಸೌಟಿನಿಂದ ಆಗಾಗ ಮಗುಚಿದೆ. ನೇರವಾಗಿ ಉರಿಯ ಮೇಲಿಟ್ಟರೆ ತಳ ಹತ್ತಿ ಸೋಪು ಕಂದುಬಣ್ಣಕ್ಕೆ ತಿರುಗುತ್ತದೆ. ಬಾರು ಸೋಪು ಮೇಣದಂತೆ ಕರಗಿ ದ್ರವವಾಗುತ್ತದೆ ಎಂದು ನಿರೀಕ್ಷಿಸಬಾರದು: ತುರಿ ಮೊದಲು ಅರೆಪಾರದರ್ಶಕವಾಗುತ್ತದೆ, ನಂತರ ಒಂದಕ್ಕೊಂದು ಅಂಟುತ್ತದೆ, ಕೊನೆಗೆ ಕೂಡಿಸಿದ ರಾಗಿ ಮುದ್ದೆಯಂತೆ ಸೌಟಿನ ಸುತ್ತ ಒಂದೇ ರಾಶಿಯಾಗಿ ತಿರುಗುತ್ತದೆ. ಗಂಟುಗಳು ಪೂರ್ತಿ ಹೋಗುವುದಕ್ಕೆ ಒಂದು ಗಂಟೆಗೂ ಮೀರಿ ಹಿಡಿಯಿತು. ಜೋರಾಗಿ ಕಡೆದರೆ ಗಾಳಿ ಸೇರಿ ಒಣಗಿದ ಮೇಲೆ ಟೊಳ್ಳಾಗುವುದರಿಂದ ಮಗುಚುವುದೇ ಸರಿ. ಈ ಹಂತದಲ್ಲಿ ಮೆಡಿಕಲ್ ಅಂಗಡಿಯ 10 ಮಿಲಿಲೀಟರ್ ಗ್ಲಿಸರಿನ್ ಸೇರಿಸಿ, ಉರಿ ಆರಿಸಿ, ಅಗಲ ಬಾಯಿಯ ಬಟ್ಟಲಿಗೆ ಸೌಟಿನ ಹಿಂಬದಿಯಿಂದ ಒತ್ತಿ ತುಂಬಿದೆ.

ಗ್ಲಿಸರಿನ್ ಬಗ್ಗೆ ಎರಡು ಮಾತು ಹೇಳಬೇಕು. ಅದು ನೊರೆಯನ್ನು ಹೆಚ್ಚಿಸುವುದಿಲ್ಲ. ನೀರನ್ನು ಹಿಡಿದಿಟ್ಟುಕೊಂಡು ನೊರೆ ಒಣಗುವುದನ್ನು ನಿಧಾನಗೊಳಿಸುತ್ತದೆ, ಅಷ್ಟೆ. ಸ್ವಲ್ಪ ಸೋಪನ್ನು ಬೇರೆ ತೆಗೆದಿಟ್ಟು ಅದಕ್ಕೆ ಗ್ಲಿಸರಿನ್ ದುಪ್ಪಟ್ಟು ಹಾಕಿ ನೋಡಿದಾಗ ನೊರೆ ತೆಳ್ಳಗಾಗಿ ಜಾರಿಕೆ ಮಾತ್ರ ಉಳಿಯಿತು. ತೆಂಗಿನೆಣ್ಣೆ, ಹರಳೆಣ್ಣೆ ಸೇರಿಸಿದರೆ ಮೃದುವಾಗುತ್ತದೆ ಎಂದು ಹಲವರು ಸಲಹೆ ಕೊಟ್ಟರು. ಸಾಬೂನಾಗದೆ ಉಳಿಯುವ ಎಣ್ಣೆ ನೊರೆಯನ್ನು ಕೊಲ್ಲುತ್ತದೆ, ಆದುದರಿಂದ ಅದಕ್ಕೆ ಕೈಹಾಕಲಿಲ್ಲ.

ಬಟ್ಟಲನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ, ಮೇಲ್ಮೈ ಬೆರಳಿಗೆ ಅಂಟದಷ್ಟು ಒಣಗುವವರೆಗೆ ಇಟ್ಟೆ. ನೀರು ಆರಿದಂತೆ ಸೋಪು ಕುಗ್ಗಿ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು, ಬಳಸತೊಡಗಿದ ಮೇಲೆ ಅದು ತಾನೇ ಮುಚ್ಚಿಕೊಂಡಿತು.

ಅರ್ಧ ಮುಖಕ್ಕೆ ಅದು, ಅರ್ಧ ಮುಖಕ್ಕೆ ಇದು

ಹೋಲಿಕೆಗೆ ಸಾಮಾನ್ಯ ಎರಡಂಚಿನ ಬ್ಲೇಡಿನ ರೇಜರನ್ನೇ ಬಳಸಿದೆ. ಎಡಗೆನ್ನೆಗೆ ಒಂದು, ಬಲಗೆನ್ನೆಗೆ ಇನ್ನೊಂದು. ಮುಂದಿನ ಸಲ ಅದಲು ಬದಲು. ಬಲಗೈ ಬಳಸುವವರಿಗೆ ಒಂದು ಬದಿ ಯಾವಾಗಲೂ ಸುಲಭವಾಗಿರುವುದರಿಂದ ಈ ಅದಲು ಬದಲು ಇಲ್ಲದೆ ಹೋಲಿಕೆಗೆ ಅರ್ಥವಿಲ್ಲ. ಎರಡು ಬದಿಗೂ ಒಂದೇ ಬ್ಲೇಡು, ಯಾವ ಬದಿ ಮೊದಲು ಎಂಬುದನ್ನೂ ಬದಲಿಸುತ್ತಿದ್ದೆ.

ಮೊದಲ ಸುತ್ತಿನಲ್ಲಿ ಬೋರ್ ನೀರಿನಲ್ಲಿ ಬಾರನ್ನು ನೇರವಾಗಿ ತಿಕ್ಕಿದ್ದಕ್ಕೂ ಫೋಮಿಗೂ ನಡೆದ ಸ್ಪರ್ಧೆಯಲ್ಲಿ ಫೋಮ್ ಸುಲಭವಾಗಿ ಗೆದ್ದಿತು. ಬಾರು ತಿಕ್ಕಿದ ಬದಿಯಲ್ಲಿ ದವಡೆಯ ಮೂಳೆಯ ಹತ್ತಿರ ರೇಜರ್ ತಡೆದು ತಡೆದು ಹೋಯಿತು. ಬ್ಲೇಡಿಗೆ ಅಂಟಿದ ಬೂದು ಜಿಡ್ಡು ಮಗ್ಗಿನ ನೀರಿನಲ್ಲಿ ಅದ್ದಿದರೆ ಬಿಡಲಿಲ್ಲ, ನಲ್ಲಿಯ ಧಾರೆಗೆ ಹಿಡಿಯಬೇಕಾಯಿತು. ಮಗ್ಗಿನದೂ ಅದೇ ಲೆಕ್ಕ: ನಮ್ಮ ಬೋರ್ ನೀರಿನ ಅರ್ಧ ಲೀಟರು ಸುಮಾರು 900 ಮಿಲಿಗ್ರಾಂ ಸೋಪನ್ನು ಜಿಡ್ಡಾಗಿಸಬಲ್ಲದು, ರೇಜರನ್ನು ಅದರಲ್ಲಿ ಅದ್ದಿದಷ್ಟೂ ಬ್ಲೇಡಿಗೆ ಆ ಜಿಡ್ಡೇ ಮೆತ್ತುತ್ತದೆ.

ಅದೇ ಬಾರನ್ನು, ಬೆಚ್ಚಗೆ ಮಾಡಿದ ಮಳೆನೀರು ಮತ್ತು ಬ್ರಷ್ಷಿನಿಂದ ಬಳಸಿದಾಗ ಅಂತರ ಬಹುತೇಕ ಕರಗಿತು. ಒಣಗುವ ದೋಷ ಮಾತ್ರ ಉಳಿಯಿತು. ಬಟ್ಟಲಿನ ಸೋಪು ಆ ದೋಷವನ್ನೂ ಕಡಿಮೆ ಮಾಡಿತು. ನೊರೆ ಫೋಮಿನಷ್ಟು ಹೊತ್ತು ನಿಲ್ಲುವುದಿಲ್ಲ, ಆದರೆ ಒಂದು ಸುತ್ತು ಹೆರೆಯುವವರೆಗೆ ಒದ್ದೆಯಾಗಿರುತ್ತದೆ, ಎರಡನೆಯ ಸುತ್ತಿಗೆ ಬ್ರಷ್ಷನ್ನು ಮತ್ತೆ ಆಡಿಸಿದರೆ ಸಾಕು. ಬೋರ್ ನೀರಿನಲ್ಲೇ ಬಳಸಿದರೂ, ಬ್ರಷ್ಷನ್ನು ಚೆನ್ನಾಗಿ ಹಿಂಡಿ ಅರ್ಧ ನಿಮಿಷ ಸೋಪಿನ ಮೇಲೆ ತಿರುಗಿಸಿ ಹತ್ತಿಸಿಕೊಂಡಾಗ ನೊರೆ ಕೆಡಲಿಲ್ಲ. ಕ್ಷೌರದಂಗಡಿಯವರ ಮಾತೂ ನನ್ನ ಲೆಕ್ಕವೂ ಇಲ್ಲಿ ಒಂದಾದವು.

ನನಗೆ ಅಚ್ಚರಿ ತಂದದ್ದು ಕುತ್ತಿಗೆಯ ಭಾಗ. ಅಲ್ಲಿ ಕೂದಲು ಅಡ್ಡಾದಿಡ್ಡಿ ಬೆಳೆಯುತ್ತದೆ, ಫೋಮ್ ಹಚ್ಚಿದ ಬದಿಯಲ್ಲಿ ಎದುರು ದಿಕ್ಕಿನಲ್ಲಿ ಹೆರೆದರೂ ಬೆರಳಿಗೆ ಮೊಳೆಗಳು ತಾಗುತ್ತಿದ್ದವು, ಬಟ್ಟಲಿನ ಬದಿಯಲ್ಲಿ ಇಲ್ಲ. ಕಾರಣ ಜಾರಿಕೆಯಲ್ಲಿಲ್ಲ, ನೆನೆಯುವುದರಲ್ಲಿದೆ. ಗಡ್ಡದ ಕೂದಲು ನೀರು ಹೀರಿದಾಗ ಉಬ್ಬಿ ಮೆದುವಾಗುತ್ತದೆ, ಒಣ ಕೂದಲಿಗಿಂತ ಬಹಳ ಕಡಿಮೆ ಬಲಕ್ಕೆ ತುಂಡಾಗುತ್ತದೆ, ಆದರೆ ಅದಕ್ಕೆ ಬೆಚ್ಚಗಿನ ನೀರಿನೊಂದಿಗೆ ಎರಡು ಮೂರು ನಿಮಿಷವಾದರೂ ಬೇಕು. ಬ್ರಷ್ಷಿನಿಂದ ನೊರೆ ಕಟ್ಟುವವನು ತಿಳಿಯದೆಯೇ ಅಷ್ಟು ಸಮಯವನ್ನು ಕೂದಲಿಗೆ ಕೊಡುತ್ತಾನೆ, ಕೂದಲಿನ ಎಣ್ಣೆಯನ್ನು ತೊಳೆದು ನೀರನ್ನು ಬುಡಕ್ಕೆ ತಲುಪಿಸುತ್ತಾನೆ. ಡಬ್ಬಿಯಿಂದ ಬರುವ ಫೋಮಿನ ಗಾತ್ರದಲ್ಲಿ ಬಹುಪಾಲು ಅನಿಲ. ಒಣ ಮುಖಕ್ಕೆ ಹಚ್ಚಿ ಕೂಡಲೇ ಹೆರೆದರೆ ಕೂದಲಿಗೆ ಸಿಗುವ ನೀರು ಅತ್ಯಲ್ಪ. ಇದನ್ನು ಖಚಿತಪಡಿಸಿಕೊಳ್ಳಲು ಸ್ನಾನವಾದ ತಕ್ಷಣ, ಮುಖ ಒರೆಸದೆ, ಫೋಮ್ ಹಚ್ಚಿ ಸ್ವಲ್ಪ ಕಾದು ಹೆರೆದೆ. ಎರಡು ಬದಿಗಳ ವ್ಯತ್ಯಾಸವನ್ನು ಬೆರಳಿನಿಂದ ಗುರುತಿಸುವುದು ಕಷ್ಟವಾಯಿತು. ಹೀಗಾಗಿ ಫೋಮಿನ ಮೇಲಿನ ದೂರು ಬಹಳಮಟ್ಟಿಗೆ ಅವಸರದ ಮೇಲಿನ ದೂರು ಎಂದೇ ನನ್ನ ತೀರ್ಮಾನ.

ಚರ್ಮದ ವಿಷಯದಲ್ಲಿ ಸೋಪಿಗೆ ಒಂದು ನಿಜವಾದ ಕೊರತೆ ಉಳಿದೇ ಇದೆ. ಆಮ್ಲ-ಕ್ಷಾರ ಗುಣವನ್ನು ಅಳೆಯುವ ಪಿಎಚ್ ಸಾಬೂನಿಗೆ 9ರಿಂದ 10ರ ಆಸುಪಾಸು, ಅಂದರೆ ಕ್ಷಾರೀಯ; ಆರೋಗ್ಯವಂತ ಚರ್ಮದ ಮೇಲ್ಮೈಗೆ ಸುಮಾರು 5, ಅಂದರೆ ತುಸು ಆಮ್ಲೀಯ. ಕ್ಷೌರದ ನಂತರ ಕೆನ್ನೆ ಬಿಗಿದಂತಾಗುವುದು ಸೋಪಿನ ಬದಿಯಲ್ಲೇ ಹೆಚ್ಚು. ತಣ್ಣೀರಿನಿಂದ ಎರಡು ಮೂರು ಸಲ ತೊಳೆದು, ಕೊನೆಯ ಬಾರಿ ಮಳೆನೀರನ್ನೋ ಹೇಮಾವತಿ ನೀರನ್ನೋ ಎರಚಿಕೊಂಡರೆ ಚರ್ಮದ ಮೇಲೆ ಕ್ಯಾಲ್ಸಿಯಂ ಜಿಡ್ಡು ಉಳಿಯುವುದಿಲ್ಲ, ಬಿಗಿತವೂ ಇಳಿಯುತ್ತದೆ. ಮೊಡವೆ, ಇಸುಬು ಇರುವವರು ಈ ಪ್ರಯೋಗಕ್ಕಿಳಿಯದೆ ಚರ್ಮದ ವೈದ್ಯರನ್ನು ಕೇಳುವುದೇ ಸರಿ.

ಖರ್ಚಿನ ಹೋಲಿಕೆಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಒಂದು ಸಲಕ್ಕೆ ಒಂದು ಗ್ರಾಮಿನಂತೆ 100 ಗ್ರಾಂ ಸೋಪು ಎಷ್ಟು ಕಾಲ ಬರುತ್ತದೆ ಎಂಬುದು ಎದುರಿಗೇ ಇದೆ.

ಫೋಮ್ ಡಬ್ಬಿ ಇಡುವ ಜಾಗದ ಬಗ್ಗೆ ಮಾತ್ರ ಎಚ್ಚರ ಹೇಳಲೇಬೇಕು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲೂ ಚಿಕ್ಕಮಗಳೂರು ಕಡೆಯ ತೋಟದ ಮನೆಗಳಲ್ಲೂ ಬಚ್ಚಲಿನ ಹಂಡೆಗೆ ಇನ್ನೂ ಸೌದೆ ಉರಿ ಹಾಕುತ್ತಾರೆ. ಡಬ್ಬಿಯೊಳಗಿರುವುದು ಅಡುಗೆ ಅನಿಲದ ಜಾತಿಯದೇ ಅನಿಲ, 50 ಡಿಗ್ರಿಗಿಂತ ಬಿಸಿಯಾಗದಂತೆ ಇಡಿ ಎಂದು ಅದರ ಮೇಲೆಯೇ ಮುದ್ರಿಸಿರುತ್ತಾರೆ. ಹಂಡೆ ಒಲೆಯ ಕಟ್ಟೆ ಅದಕ್ಕೆ ತಕ್ಕ ಜಾಗವಲ್ಲ, ಖಾಲಿ ಡಬ್ಬಿಯನ್ನು ಒಲೆಗೆ ಎಸೆಯುವುದಂತೂ ಅಪಾಯ.

ಅಕ್ಕನ ಮನೆ ಮೂಡಿಗೆರೆಯ ಹತ್ತಿರ. ಹೇಮಾವತಿ ಹುಟ್ಟುವುದೂ ಅದೇ ತಾಲ್ಲೂಕಿನ ಜಾವಳಿಯಲ್ಲಿ. ಅವರ ಮನೆಗೆ ನೀರು ಗುಡ್ಡದ ಹಳ್ಳದಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ, ಗಡಸುತನದ ಪಟ್ಟಿ ಅದರಲ್ಲಿ ಬಣ್ಣವನ್ನೇ ಬದಲಿಸಲಿಲ್ಲ. ಅಲ್ಲಿ ಭಾವ ಬಾರನ್ನೇ ನೇರವಾಗಿ ತಿಕ್ಕಿಕೊಂಡು ವರ್ಷಗಳಿಂದ ನೆಮ್ಮದಿಯಾಗಿ ಹೆರೆದುಕೊಳ್ಳುತ್ತಿದ್ದಾರೆ, ನನ್ನ ಬಟ್ಟಲನ್ನು ನೋಡಿ, "ಇಷ್ಟೆಲ್ಲ ಯಾಕೆ ಮಾರಾಯ?" ಎಂದರು. ಅವರ ನೀರಿಗೆ ಅದು ಸರಿಯಾದ ಪ್ರಶ್ನೆಯೇ. ಆದರೆ ಅಲ್ಲಿಯ ಮಳೆಗಾಲ ಬಟ್ಟಲಿಗೆ ಆಗಿಬರಲಿಲ್ಲ: ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಂಡು ಮೇಲ್ಮೈ ಸದಾ ಅಂಟಂಟಾಗಿ, ಬ್ರಷ್ಷಿಗೆ ಬೇಕಾದ್ದಕ್ಕಿಂತ ಹೆಚ್ಚು ಸೋಪು ಎದ್ದುಬರುತ್ತಿತ್ತು. ಮಲೆನಾಡಿನವರು ಮಾಡುವುದಾದರೆ ಗ್ಲಿಸರಿನನ್ನು 5 ಮಿಲಿಲೀಟರಿಗೆ ಇಳಿಸಿ, ಮುಚ್ಚಳ ಹಾಕದೆ, ಬಚ್ಚಲಿನಿಂದ ಹೊರಗೆ ಇಡಬೇಕು.

ಹಾಸನದ ನೀರಿಗಾಗಿ ಮಾಡಿದ ಎರಡನೆಯ ಬಟ್ಟಲಿನಲ್ಲಿ ಒಂದು ಬದಲಾವಣೆ ಇದೆ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲ 10 ಗ್ರಾಮಿಗೆ 12ರಿಂದ 13 ಗ್ರಾಂ ಅಡುಗೆ ಸೋಡಾವನ್ನು ನೀರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಬುರಬುರ ನಿಂತ ಮೇಲೆ ಒಟ್ಟು 100 ಮಿಲಿಲೀಟರ್ ಆಗುವಷ್ಟು ಮಳೆನೀರು ಬೆರೆಸಿದರೆ ಸೋಡಿಯಂ ಸಿಟ್ರೇಟ್ ದ್ರಾವಣ ಸಿದ್ಧವಾಗುತ್ತದೆ. ಇದು ಕ್ಯಾಲ್ಸಿಯಮನ್ನು ತಾನು ಹಿಡಿದುಕೊಂಡು ಸೋಪನ್ನು ಬಿಡಿಸುತ್ತದೆ. ಹಲವು ಸ್ನಾನದ ಸೋಪುಗಳ ಲೇಬಲ್ಲಿನಲ್ಲಿ ಕಾಣುವ ಇಡಿಟಿಎಯ ಕೆಲಸವೂ ಇದೇ. ಸೋಪಿನ ತುರಿ ನೆನೆಸುವ 40 ಮಿಲಿಲೀಟರ್ ನೀರಿನಲ್ಲಿ 25 ಮಿಲಿಲೀಟರಿನಷ್ಟು ಈ ದ್ರಾವಣವನ್ನು ಬಳಸಿದೆ. ಆಮ್ಲವನ್ನು ಸೋಡಾ ಇಲ್ಲದೆ ಹಾಗೆಯೇ ಹಾಕಿದರೆ ಅದು ಸೋಪನ್ನೇ ಒಡೆಯುತ್ತದೆ. ಬೋರ್ ನೀರಿನಲ್ಲಿ ಈ ಬಟ್ಟಲಿನ ನೊರೆ ಮೊದಲನೆಯದಕ್ಕಿಂತ ಬೇಗ ಕಟ್ಟುತ್ತದೆ, ಬ್ರಷ್ಷಿನ ಬುಡದಲ್ಲಿ ಕೂರುತ್ತಿದ್ದ ಬೂದು ಜಿಡ್ಡು ಕಾಣಿಸುವುದಿಲ್ಲ. ಮಗ್ಗಿನ ಅರ್ಧ ಲೀಟರಿಗೆ ಮಾತ್ರ ಇಷ್ಟು ಸಿಟ್ರೇಟ್ ಯಾವ ಲೆಕ್ಕಕ್ಕೂ ಸಾಲದು, ಹಾಗಾಗಿ ರೇಜರನ್ನು ಈಗಲೂ ನಲ್ಲಿಯ ಧಾರೆಯಲ್ಲೇ ತೊಳೆಯುತ್ತೇನೆ.